ಒಂದೇ ಬೆಳಗು ಇದ್ದರೆ ಬಸವನಗುಡಿಯೋ, ಮಲ್ಲೇಶ್ವರವೋ?

ಶಿವಮೊಗ್ಗದಿಂದ ಬೆಂಗಳೂರಿಗೆ ಬಂದವಳು ಎರಡು ಬೆಳಗು ಈ ಎರಡೂ ಕಡೆ ಸುಮ್ನೆ ನಡೆದೆ. ಎರಡೂ 1890ರ ದಶಕದಲ್ಲಿ ಶುರುವಾದ ಬಡಾವಣೆಗಳು. 1898ರಲ್ಲಿ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟ ಎಷ್ಟೋ ಜನ ಇಲ್ಲಿ ನೆಲೆಸಿದರು.

ಬಸವನಗುಡಿಯಲ್ಲಿ ಗಾಂಧಿಬಜಾರಿನಿಂದ ಶುರು ಮಾಡಿ. ಹೂವಿನವರು ಮಲ್ಲಿಗೆಯನ್ನು ಮೊಣಕೈಗೆ ಹಿಡಿದು ಮೊಳ ಅಳೆಯುತ್ತಾರೆ, ಕೊನೆಗೆ ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಪಕ್ಕದಲ್ಲೇ 1943ರ ವಿದ್ಯಾರ್ಥಿ ಭವನ. ದೋಸೆ ತಟ್ಟೆಗಳನ್ನು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುವವರನ್ನು ನೋಡುವುದೇ ಒಂದು ಸಂತೋಷ. ಶುಕ್ರವಾರ ರಜೆ, ನೆನಪಿರಲಿ. ಆಮೇಲೆ ಬ್ಯೂಗಲ್ ರಾಕ್ ಅನ್ನೋ ಹಳೇ ಬಂಡೆಗುಡ್ಡ, ಒಂದೇ ಕಲ್ಲಿನ ದೊಡ್ಡ ಬಸವಣ್ಣ. ಕಾರ್ತಿಕದ ಕೊನೇ ಸೋಮವಾರ ಬಂದರೆ ಕಡಲೆಕಾಯಿ ಪರಿಷೆಯೂ ಸಿಗುತ್ತದೆ.

ಮಲ್ಲೇಶ್ವರ ಇನ್ನಷ್ಟು ನಿಧಾನ. ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ. ಅಲ್ಲಿ ಅರ್ಧ ಗಂಟೆ ಕೂತಿದ್ದೆ. ಎಂಟನೇ ಕ್ರಾಸಿನಲ್ಲಿ ತರಕಾರಿ, ಹೂವು, ಸೀರೆ ಎಲ್ಲ ಒಟ್ಟಿಗೆ. ಸಿಟಿಆರ್ ಹೋಟೆಲಿನ ಬೆಣ್ಣೆ ದೋಸೆ ಬಿಡಬೇಡಿ.

ಎರಡಕ್ಕೂ ಹಸಿರು ಮಾರ್ಗದ ಮೆಟ್ರೋ ಇದೆ. ಮೊದಲ ಸಲವಾದರೆ ಬಸವನಗುಡಿಗೇ ಹೋಗಿ. ಜೊತೆಗೆ ಅಮ್ಮ ಇದ್ದು ಶಾಪಿಂಗೂ ಆಗಬೇಕು ಅಂದರೆ ಮಲ್ಲೇಶ್ವರ.