ಶಸ್ತ್ರಚಿಕಿತ್ಸೆಯಾದ ಮಕ್ಕಳ ನೋವು: ನರ್ಸ್‌ಗಳಿಗೆ ಕಲಿಸುವ ಮೂರು ವಿಧಾನಗಳ ಹೋಲಿಕೆ

ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್‌ಗಳಿಗೆ ನೋವಿನ ಆರೈಕೆಯನ್ನು ಕಲಿಸುವ ಹೊಣೆ ಹೊತ್ತಂದಿನಿಂದ ನಾನು ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ: ಸಭಾಂಗಣದಲ್ಲಿ ಒಂದು ದಿನದ ಉಪನ್ಯಾಸ, ಕೌಶಲ ಕೊಠಡಿಯಲ್ಲಿ ಬೊಂಬೆಯ ಮೇಲೆ ಅಭ್ಯಾಸ, ಮತ್ತು ವಾರ್ಡಿನಲ್ಲೇ ಮಗುವಿನ ಹಾಸಿಗೆಯ ಪಕ್ಕ ನಿಂತು ಕಲಿಸುವುದು. ಇವುಗಳನ್ನು ತೂಗಲು ನಾನು ಪರೀಕ್ಷೆಯ ಅಂಕಗಳನ್ನು ನೆಚ್ಚಿಕೊಂಡಿಲ್ಲ. ತರಬೇತಿಯ ಅನಂತರ ಮಗುವಿಗೆ ಔಷಧ ಹೊತ್ತಿಗೆ ಸರಿಯಾಗಿ ಸಿಕ್ಕಿತೇ, ಕೊಟ್ಟ ಮೇಲೆ ನೋವು ಇಳಿಯಿತೇ ಎಂದು ನರ್ಸ್ ಮರಳಿ ಬಂದು ನೋಡಿದರೇ ಎಂಬುದನ್ನು ಕೇಸ್ ಶೀಟಿನಲ್ಲಿ ಹುಡುಕಿದ್ದೇನೆ.

ಉಪನ್ಯಾಸಕ್ಕೆ ಖರ್ಚು ಕಡಿಮೆ, ಒಮ್ಮೆಗೇ ಇಡೀ ವಿಭಾಗವನ್ನು ಕೂರಿಸಬಹುದು. ತಪ್ಪು ನಂಬಿಕೆಗಳನ್ನು ಕಳಚುವುದಕ್ಕೆ ಅದು ಒಳ್ಳೆಯದೇ. ಎಳೆಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಹೃದಯದ ಬಳಿಯ ಶಸ್ತ್ರಚಿಕಿತ್ಸೆಯಲ್ಲಿ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಕೊಟ್ಟಾಗ ದೇಹದ ಒತ್ತಡದ ಹಾರ್ಮೋನುಗಳ ಏರಿಕೆ ತಗ್ಗುತ್ತದೆಂದು 1987ರಲ್ಲೇ ತೋರಿಸಿದ್ದರು ಎಂಬುದನ್ನು ವಿವರಿಸಿದಾಗ ಹಿರಿಯ ಸಿಸ್ಟರ್‌ಗಳೂ ಗಂಭೀರವಾಗಿ ಕೇಳುತ್ತಾರೆ. ಕೆಲವು ಮಕ್ಕಳ ಯಕೃತ್ತು ಕೊಡೀನ್ ಎಂಬ ನೋವುನಿವಾರಕವನ್ನು ಅತಿವೇಗವಾಗಿ ಮಾರ್ಫಿನ್ ಆಗಿ ಪರಿವರ್ತಿಸುವುದರಿಂದ ಉಸಿರೇ ಕುಗ್ಗಬಹುದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2012ರ ಮಾರ್ಗಸೂಚಿಯಲ್ಲಿ ಮಕ್ಕಳಿಗೆ ಕೊಡೀನನ್ನು ಕೈಬಿಟ್ಟಿತು ಎಂಬಂಥ ಕಾರಣಸಹಿತ ವಿಷಯಗಳನ್ನು ಹೇಳಲೂ ಇದೇ ತಕ್ಕ ಜಾಗ.

ಆದರೆ ಉಪನ್ಯಾಸದ ಮರುವಾರ ಕೇಸ್ ಶೀಟುಗಳನ್ನು ತೆರೆದರೆ ಬದಲಾವಣೆ ಹೆಚ್ಚೇನೂ ಕಾಣುವುದಿಲ್ಲ. ಪ್ಯಾರಾಸಿಟಮಾಲ್ ಎದುರು ‘ಎಸ್‌ಓಎಸ್’ ಎಂದು ಬರೆದಿರುತ್ತದೆ, ಅಂದರೆ ಅಗತ್ಯಬಿದ್ದಾಗ ಕೊಡಿ ಎಂದು. ಅಗತ್ಯ ಬಿದ್ದಿತೇ ಎಂದು ನಿರ್ಧರಿಸಬೇಕಾದವರು ಮಗು ಅಳುವವರೆಗೂ ಕಾಯುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ‘ನೋವು ಬರುವ ಮುನ್ನವೇ, ಗಡಿಯಾರ ನೋಡಿ ಕೊಡಬೇಕು’ ಎಂದು ಸರಿಯಾಗಿ ಗುರುತಿಸಿದವರೇ ಪಾಳಿಯ ಒತ್ತಡದಲ್ಲಿ ಹಳೆಯ ರೂಢಿಗೆ ಮರಳುತ್ತಾರೆ.

ಬೊಂಬೆಯ ಮೇಲಿನ ಅಭ್ಯಾಸವನ್ನು ನಾನು ಎರಡು ವಿಷಯಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ, ಆ ಎರಡಕ್ಕೂ ಅದಕ್ಕಿಂತ ಸುರಕ್ಷಿತವಾದುದು ಬೇರೆ ಇಲ್ಲ. ಮೊದಲನೆಯದು ಡೋಸಿನ ಲೆಕ್ಕ. ಹನ್ನೆರಡು ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ 180 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೇಕು. ರಕ್ತನಾಳಕ್ಕೆ ಕೊಡುವ ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುವುದರಿಂದ ಅದು 18 ಮಿಲಿಲೀಟರ್ ಆಗುತ್ತದೆ. ಮಿಲಿಗ್ರಾಂ ಸಂಖ್ಯೆಯನ್ನೇ ಮಿಲಿಲೀಟರ್ ಎಂದು ಓದಿಕೊಂಡರೆ ಹತ್ತುಪಟ್ಟು ಔಷಧ ಹೋಗುತ್ತದೆ. ಸಿರಪ್ಪಿನಲ್ಲಂತೂ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಬಾಟಲಿಯೂ 250 ಮಿಲಿಗ್ರಾಂ ಇರುವ ಬಾಟಲಿಯೂ ಒಂದೇ ಟ್ರಾಲಿಯಲ್ಲಿರಬಹುದು. ಎರಡನ್ನೂ ಮುಂದಿಟ್ಟು, ಹಿಂದಿನಿಂದ ಯಾರಾದರೂ ಕರೆಯುತ್ತಿರುವಾಗಲೇ ಲೆಕ್ಕ ಹಾಕಿಸುವುದು ಕಪ್ಪುಹಲಗೆಯ ಲೆಕ್ಕಕ್ಕಿಂತ ಬಹಳ ಉಪಯುಕ್ತ. ಎರಡನೆಯದು ಮಾರ್ಫಿನ್ ಪಡೆದ ಮಗುವಿನ ಉಸಿರು ಇಳಿಯುವ ಸಂದರ್ಭ. ಉಸಿರಿನ ಸಂಖ್ಯೆ ತಗ್ಗುವ ಮುನ್ನವೇ ಮಂಪರು ಹೆಚ್ಚುತ್ತದೆ ಎಂಬುದನ್ನು ಗುರುತಿಸುವುದು, ಆಮ್ಲಜನಕ ಹಾಕುವುದು, ಸಹಾಯಕ್ಕೆ ಕರೆಯುವುದು, ಮಾರ್ಫಿನ್‌ನ ಪರಿಣಾಮವನ್ನು ಇಳಿಸುವ ನ್ಯಾಲೋಕ್ಸೋನ್ ಸಿದ್ಧಪಡಿಸುವುದು, ಇವೆಲ್ಲ ನಿಜವಾದ ಮಗುವಿನ ಮೇಲೆ ಕಲಿಯುವ ಪಾಠಗಳಲ್ಲ. ಈ ಅಭ್ಯಾಸ ಮಾಡಿದ ನರ್ಸ್‌ಗಳಿಗೆ ಮಾರ್ಫಿನ್ ಬಗೆಗಿನ ಭಯ ಕಡಿಮೆಯಾಗುತ್ತದೆ. ಬೀಗದ ಕಪಾಟಿನಿಂದ ತೆಗೆದು ರಿಜಿಸ್ಟರಿನಲ್ಲಿ ಬರೆದು ಕೊಡಬೇಕಾದ ಔಷಧವೆಂಬ ಕಾರಣಕ್ಕೇ ಅದನ್ನು ಮುಂದೂಡುವುದೂ ಕಡಿಮೆಯಾಗುತ್ತದೆ. ಆದರೆ ಬೊಂಬೆ ಮುಖ ಸಿಂಡರಿಸದು, ಕಾಲು ಮಡಚಿಕೊಳ್ಳದು. ನೋವನ್ನು ಗುರುತಿಸುವುದನ್ನು ಅದರಿಂದ ಕಲಿಸಲಾಗದು.

ನನ್ನ ಒಲವು ಮೂರನೆಯ ವಿಧಾನದ ಕಡೆಗಿದೆ. ಬೆಳಗಿನ ಪಾಳಿಯ ಹ್ಯಾಂಡೋವರ್ ಮುಗಿದ ಕೂಡಲೇ ಒಬ್ಬರೋ ಇಬ್ಬರೋ ನರ್ಸ್‌ಗಳೊಂದಿಗೆ ಒಂದು ಹಾಸಿಗೆಯ ಬಳಿ ನಿಲ್ಲುತ್ತೇನೆ. ಎರಡು ತಿಂಗಳಿಂದ ಏಳು ವರ್ಷದವರೆಗಿನ ಮಕ್ಕಳಿಗೆ ಫ್ಲ್ಯಾಕ್ ಮಾಪಕವನ್ನು ಬಳಸುತ್ತೇವೆ: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಎಂಬ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಸಭಾಂಗಣದಲ್ಲಿ ಇದನ್ನು ಬಾಯಿಪಾಠ ಒಪ್ಪಿಸಿದವರು ವಾರ್ಡಿನಲ್ಲಿ ಹೊದಿಕೆಯನ್ನು ಸರಿಸದೆಯೇ ಕಾಲಿಗೆ ಅಂಕ ಕೊಡುವುದನ್ನು ನೋಡಿದ್ದೇನೆ. ಹೊದಿಕೆ ಸರಿಸಿದರೆ, ಸದ್ದಿಲ್ಲದೆ ಮಲಗಿರುವ ಹರ್ನಿಯಾ ಶಸ್ತ್ರಚಿಕಿತ್ಸೆಯ ಮಗು ಮೊಣಕಾಲುಗಳನ್ನು ಹೊಟ್ಟೆಯತ್ತ ಬಿಗಿಹಿಡಿದಿರುವುದು ಕಾಣುತ್ತದೆ. ಅಲುಗಾಡಿದರೆ ನೋವಾಗುತ್ತದೆಂದೇ ಮಗು ಸುಮ್ಮನಿರಬಹುದು, ಹೇಳಿದರೆ ಸೂಜಿ ಚುಚ್ಚುತ್ತಾರೆಂದು ಬಾಯಿ ಬಿಡದಿರಬಹುದು. ಅಳುವ ಮಗುವೆಲ್ಲ ನೋವಿನಿಂದಲೇ ಅಳುತ್ತದೆ ಎಂದೂ ಅಲ್ಲ. ಬೆಳಗಿನಿಂದ ಉಪವಾಸವಿದ್ದ ಮಗುವಿನ ಹಸಿವನ್ನು ತಾಯಿ ಎಲ್ಲರಿಗಿಂತ ಮೊದಲು ಗುರುತಿಸುತ್ತಾಳೆ. ಆದ್ದರಿಂದ ಮಗು ಮನೆಯಲ್ಲಿ ನೋವಿಗೆ ಏನೆನ್ನುತ್ತದೆ, ನೋವಾದಾಗ ಹೇಗಿರುತ್ತದೆ ಎಂದು ದಾಖಲಾದ ದಿನವೇ ಅವಳನ್ನು ಕೇಳಿ ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆಸುತ್ತೇನೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಆರು ಮುಖಗಳ ಕಾರ್ಡು ಬೇಕು. 1983ರ ವಾಂಗ್-ಬೇಕರ್ ಕಾರ್ಡಿನ ಮೊದಲ ಮುಖ ನಗುತ್ತದೆ, ಕೊನೆಯದು ಕಣ್ಣೀರಿಡುತ್ತದೆ. 2001ರ ಪರಿಷ್ಕೃತ ಮುಖಮಾಪಕದಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಅಳಬಾರದೆಂದು ಹೇಳಿಸಿಕೊಂಡ ಗಂಡುಮಕ್ಕಳು ಕಣ್ಣೀರಿನ ಮುಖವನ್ನು ಮುಟ್ಟಲು ಹಿಂಜರಿಯುವುದನ್ನು ಕಂಡು ನಾನು ಎರಡನೆಯದನ್ನು ಆರಿಸಿಕೊಂಡಿದ್ದೇನೆ. ಕಾರ್ಡು ಯಾವುದಾದರೂ, ಮಗುವಿನ ಮುಖಕ್ಕೆ ಹೋಲಿಸಿ ನರ್ಸ್ ತಾವೇ ಅಂಕ ಹಾಕಬಾರದು, ಬೆರಳಿಡಬೇಕಾದದ್ದು ಮಗು.

ಹಾಸಿಗೆಯ ಪಕ್ಕದಲ್ಲಷ್ಟೇ ಕಲಿಸಲಾಗುವ ಇನ್ನೊಂದು ಪಾಠ ಸಮಯದ್ದು. ಬೆನ್ನಿನ ಕೆಳತುದಿಯಲ್ಲಿ ಕೊಡುವ ಕಾಡಲ್ ಎಂಬ ಅರಿವಳಿಕೆ ಚುಚ್ಚುಮದ್ದಿನಿಂದ ಮಗು ಕೆಲವು ಗಂಟೆ ಆರಾಮವಾಗಿರುತ್ತದೆ, ಅದರ ಪ್ರಭಾವ ಇಳಿಯುವ ಹೊತ್ತಿಗೆ ಪಾಳಿ ಬದಲಾಗುತ್ತಿರುತ್ತದೆ. ಹಗಲಿನ ನರ್ಸ್ ‘ಮಗು ಚೆನ್ನಾಗಿದೆ’ ಎಂದು ಹೇಳಿ ಹೋಗುತ್ತಾರೆ, ಸಂಜೆಯ ನರ್ಸ್‌ಗೆ ಚೀರುವ ಮಗು ಸಿಗುತ್ತದೆ. ಪ್ರಭಾವ ಇರುವಾಗಲೇ ಪ್ಯಾರಾಸಿಟಮಾಲ್ ಕೊಟ್ಟಿರಬೇಕೆಂಬುದನ್ನು ಒಮ್ಮೆ ಆ ಸಂಜೆಯಲ್ಲಿ ಜೊತೆಗಿದ್ದು ತೋರಿಸಿದರೆ ಮತ್ತೆ ಹೇಳಬೇಕಾಗುವುದಿಲ್ಲ. ಬಾಯಿಯ ಮೂಲಕ ಕೊಟ್ಟಿದ್ದರೆ ಸುಮಾರು ಒಂದು ಗಂಟೆಯ ನಂತರ ಮರಳಿ ಅಂಕ ಬರೆಯುವ ಅಂಕಣವನ್ನು ತಾಪಮಾನ, ನಾಡಿ, ಉಸಿರಿನ ಅಂಕಣಗಳ ಪಕ್ಕದಲ್ಲೇ ಸೇರಿಸಿದ ಮೇಲೆ ಆ ಜಾಗ ಖಾಲಿ ಉಳಿಯುವುದು ಕಡಿಮೆಯಾಗಿದೆ.

ಈ ವಿಧಾನಕ್ಕೆ ದುಡ್ಡು ಬೇಡ, ಸಮಯ ಬೇಕು, ಅದೂ ನರ್ಸ್‌ಗಳ ಕೊರತೆ ಇರುವ ವಾರ್ಡಿನಲ್ಲಿ. ರಾತ್ರಿ ಪಾಳಿಯವರನ್ನು ತಲುಪುವುದು ಕಷ್ಟ, ವರ್ಗಾವಣೆಯಾದಾಗ ಕಲಿಕೆಯೂ ಅವರೊಡನೆ ಹೊರಟುಹೋಗುತ್ತದೆ. ಆದ್ದರಿಂದ ಪ್ರತಿ ಪಾಳಿಯಲ್ಲೂ ಕಲಿಸಬಲ್ಲ ಒಬ್ಬ ನರ್ಸನ್ನು ತಯಾರು ಮಾಡುವುದಕ್ಕೆ ಆದ್ಯತೆ ಕೊಡುತ್ತೇನೆ. ಉಪನ್ಯಾಸವನ್ನು ಅರ್ಧ ದಿನಕ್ಕೆ ಇಳಿಸಬಹುದು, ಬೊಂಬೆಯ ಅಭ್ಯಾಸವನ್ನು ವರ್ಷಕ್ಕೊಮ್ಮೆ ಕಡ್ಡಾಯ ಮಾಡಬಹುದು. ಹಾಸಿಗೆಯ ಬಳಿಯ ಪಾಠಕ್ಕೆ ಕಿರಿಯ ವೈದ್ಯರನ್ನೂ ಕರೆಯಲೇಬೇಕು, ಏಕೆಂದರೆ ‘ಎಸ್‌ಓಎಸ್’ ತೆಗೆದು ‘ಆರು ಗಂಟೆಗೊಮ್ಮೆ’ ಎಂದು ಬರೆಯುವ ಅಧಿಕಾರ ಇರುವುದು ಅವರಿಗೆ.