ಕಣಕುಂಬಿಯೋ, ಜಾಂಬೋಟಿಯೋ?

ಒಂದೇ ದಿನ ಬಿಡುವಿದ್ದರೆ ಯಾವುದಕ್ಕೆ ಹೋಗಬೇಕೆಂದು ಕೇಳಿದ್ದೀರಿ. ಖಾನಾಪುರ ತಾಲ್ಲೂಕಿನ ಎರಡೂ ಊರುಗಳು ಬೆಳಗಾವಿ–ಚೋರ್ಲಾ ರಸ್ತೆಯಲ್ಲೇ ಇವೆ.

ಬೆಳಗಾವಿಯಿಂದ ಜಾಂಬೋಟಿ ಹತ್ತಿರ, ಸುಮಾರು 30 ಕಿ.ಮೀ. ಖಾನಾಪುರದಿಂದಲೂ ದಾರಿಯಿದೆ. ಕಣಕುಂಬಿಗೆ ಇನ್ನೂ ಪಶ್ಚಿಮಕ್ಕೆ, ಘಟ್ಟದ ಅಂಚಿಗೇ ಹೋಗಬೇಕು. ಪೆಟ್ರೋಲು, ಸಮಯ ಎರಡೂ ಹೆಚ್ಚು.

ಆದರೆ ಮಲಪ್ರಭೆ ಹುಟ್ಟುವುದು ಅಲ್ಲಿ, ಸುಮಾರು 792 ಮೀಟರ್ ಎತ್ತರದಲ್ಲಿ. ಪಟ್ಟದಕಲ್ಲು, ಐಹೊಳೆ ಬಳಸಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುವ ಹೊಳೆಯ ಮೂಲವನ್ನು ಕಣ್ಣಾರೆ ಕಾಣುವ ಸುಖವೇ ಬೇರೆ! ಮಾವುಲಿ ದೇವಿಯ ಗುಡಿಯೂ ಅಲ್ಲೇ.

ಜುಲೈ–ಆಗಸ್ಟಿನಲ್ಲಿ ಮಂಜು ಕವಿದು ತಿರುವುಗಳು ಕಾಣವು, ಕಾಲಿಗೆ ಜಿಗಣೆ ಬೇರೆ. ಆಗ ಮುದುಕರು, ಕೂಸುಗಳ ಜೊತೆ ಹೊರಟವರಿಗೆ ಜಾಂಬೋಟಿಯೇ ಸಾಕು. ನದಿಮೂಲಕ್ಕೆಂದೇ ಹೊರಟವರು ಮಳೆ ಇಳಿದ ಅಕ್ಟೋಬರಿನಲ್ಲಿ ಕಣಕುಂಬಿಗೆ ಹೋಗಲಿ. ಯಾವುದೇ ಆದರೂ, ಅಲ್ಲಿನ ಭೀಮಗಡ ವನ್ಯಜೀವಿಧಾಮದ ಕಾಡಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ.