ನಾಯಿಗೆ ಹಸಿ ಮಾಂಸದ ಊಟ: ವರ್ಷಗಟ್ಟಲೆ ಹಾಕಿದ ಮೇಲಿನ ವಿಮರ್ಶೆ

ಬೆಂಗಳೂರಿನಲ್ಲಿ ನಾಯಿ ಸಾಕುವವರು ಇದನ್ನು ‘ಬಾರ್ಫ್’ ಅಂತಲೋ ‘ರಾ ಡಯಟ್’ ಅಂತಲೋ ಕರೆಯುತ್ತಾರೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಜನಪ್ರಿಯಗೊಳಿಸಿದ ಪದ್ಧತಿ ಇದು. ದನ, ಕುರಿ, ಕಾಂಗರೂ ಮಾಂಸ ಧಾರಾಳವಾಗಿ ಸಿಗುವ ದೇಶದಲ್ಲಿ ಹುಟ್ಟಿದ ಲೆಕ್ಕ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಕೋಳಿ ಅಂಗಡಿಯಲ್ಲಿ ಬಂದು ನಿಂತಿದೆ. ಕರ್ನಾಟಕದ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಜಾನುವಾರುಗಳ ವಧೆಗೆ ಅವಕಾಶವಿಲ್ಲ. ಮಟನ್ ಬೆಲೆ ಕೋಳಿಯ ಮೂರು ಪಟ್ಟು. ಹಾಗಾಗಿ ಇಲ್ಲಿ ‘ರಾ’ ಅಂದರೆ ಬಹುಪಾಲು ಕೋಳಿಯೇ, ಇದರ ಹೆಚ್ಚಿನ ತೊಂದರೆಗಳೂ ಅಲ್ಲಿಂದಲೇ ಶುರು. ಮಾಂಸ ಹಸಿಯೋ ಬೆಂದದ್ದೋ ಎಂದು ಜನ ಜಗಳವಾಡುತ್ತಾರೆ. ತಟ್ಟೆಯಲ್ಲಿ ಏನು ಕಡಿಮೆಯಿದೆ ಎಂದು ನೋಡುವವರು ಕಡಿಮೆ.

ಮೊದಲು ಅಳತೆ. ಎಲ್ಲರೂ ಹೇಳುವ ಸೂತ್ರ 80:10:10. ಮಾಂಸ 80 ಪಾಲು, ತಿನ್ನಬಹುದಾದ ಹಸಿ ಮೂಳೆ 10, ಒಳಾಂಗ 10. ಒಳಾಂಗದಲ್ಲಿ ಅರ್ಧ ಲಿವರ್, ಉಳಿದರ್ಧ ಕಿಡ್ನಿ ಅಥವಾ ಗುಲ್ಮ (ಮಟನ್ ಅಂಗಡಿಯಲ್ಲಿ ‘ತಿಲ್ಲಿ’ ಅಂತ ಕೇಳಿ). ಗುಂಡಿಗೆ ಮತ್ತು ಗಿಜರ್ಡ್ (ಕೋಳಿ ಹೊಟ್ಟೆಯ ಗಟ್ಟಿ ಸ್ನಾಯು) ಒಳಾಂಗದ ಲೆಕ್ಕಕ್ಕೆ ಬರುವುದಿಲ್ಲ, ಅವು ಮಾಂಸವೇ. ಬೆಳೆದ ನಾಯಿಗೆ ದಿನಕ್ಕೆ ತೂಕದ ಶೇ. 2ರಿಂದ 3. ಅಂದರೆ 20 ಕೆಜಿಯ ನಾಟಿ ನಾಯಿಗೆ ಸುಮಾರು 500 ಗ್ರಾಂ, ಎರಡು ಹೊತ್ತಿಗೆ ಹಂಚಿ.

ಈ 500 ಗ್ರಾಂ ಲೆಕ್ಕದಲ್ಲೇ ಮೊದಲ ಎಡವಟ್ಟು. 20 ಕೆಜಿ ತೂಗುವ, ಸಂತಾನಹರಣವಾದ, ಮಾಮೂಲಿ ಓಡಾಟದ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 1000 ಕ್ಯಾಲರಿ ಬೇಕು. ನಮ್ಮ ಅಂಗಡಿಗಳಲ್ಲಿ ಕೇಳದೇ ಇದ್ದರೂ ಚರ್ಮ ಸುಲಿದ ಕೋಳಿಯನ್ನೇ ಕೊಡುತ್ತಾರೆ. ಅದರಲ್ಲಿ 100 ಗ್ರಾಂಗೆ 120 ಕ್ಯಾಲರಿಯ ಆಸುಪಾಸು, 500 ಗ್ರಾಂ ಹಾಕಿದರೂ 600 ದಾಟುವುದಿಲ್ಲ. ಎರಡು ಮೂರು ತಿಂಗಳಲ್ಲಿ ಪಕ್ಕೆಲುಬು ಎದ್ದು ಕಾಣುತ್ತದೆ, ನಾಯಿ ಕಸದ ಬುಟ್ಟಿಗೆ ಮೂತಿ ಹಾಕುತ್ತದೆ, ಮಾಲೀಕರು ‘ರಾ ನಮ್ಮ ನಾಯಿಗೆ ಒಗ್ಗಲಿಲ್ಲ’ ಅಂತ ಬಿಡುತ್ತಾರೆ. ಒಗ್ಗದ್ದು ಹಸಿ ಮಾಂಸವಲ್ಲ, ಕೊಬ್ಬಿಲ್ಲದ ಮಾಂಸ. ‘ವಿತ್ ಸ್ಕಿನ್’ ಅಂತಲೇ ಕೇಳಿ ತನ್ನಿ, ಎದೆಭಾಗಕ್ಕಿಂತ ಕಾಲಿನ ಮಾಂಸ ಹೆಚ್ಚಿರಲಿ. ಹಾಗಂತ ಒಂದೇ ದಿನ ಕೊಬ್ಬು ಸುರಿಯಬೇಡಿ. ಹಿಂದೆ ಪ್ಯಾಂಕ್ರಿಯಾಟೈಟಿಸ್ (ಮೇದೋಜ್ಜೀರಕ ಗ್ರಂಥಿಯ ಉರಿಯೂತ) ಆಗಿದ್ದ ನಾಯಿಗಂತೂ ಈ ಊಟವೇ ಬೇಡ.

ಒಂದು ವಾರಕ್ಕೆ, ಅಂದರೆ 3.5 ಕೆಜಿಗೆ, ನಾವು ಹೀಗೆ ಮಾಡುತ್ತೇವೆ. ಕೋಳಿ ಕತ್ತು 1 ಕೆಜಿ, ಚರ್ಮವಿರುವ ಮೂಳೆರಹಿತ ಕಾಲಿನ ಮಾಂಸ 1.2 ಕೆಜಿ, ಮಟನ್ 500 ಗ್ರಾಂ (ದುಬಾರಿ ಅನಿಸಿದರೆ ಕತ್ತರಿಸಿ ಉಳಿದ ಚೂರು ಕೇಳಿ), ಗುಂಡಿಗೆ ಮತ್ತು ಗಿಜರ್ಡ್ ಸೇರಿ 450, ಕುರಿಯ ಲಿವರ್ 175, ಕಿಡ್ನಿ ಅಥವಾ ತಿಲ್ಲಿ 175. ಕತ್ತಿನಲ್ಲಿ ಮೂರನೇ ಒಂದಂಶಕ್ಕಿಂತ ತುಸು ಹೆಚ್ಚು ಮೂಳೆ ಇರುವುದರಿಂದ ಒಟ್ಟು ಮೂಳೆ ಶೇ. 10ರ ಹತ್ತಿರ ಬರುತ್ತದೆ. ಕತ್ತಿನ ಬದಲು ರೆಕ್ಕೆ ಹಾಕಿದರೆ ಅದರಲ್ಲಿ ಅರ್ಧದಷ್ಟು ಮೂಳೆ, ಕೋಳಿ ಪಾದದಲ್ಲಿ ಇನ್ನೂ ಹೆಚ್ಚು. ಅದಕ್ಕೆ ತಕ್ಕಂತೆ ತೂಕ ಇಳಿಸಬೇಕು.

ಲಿವರ್ ಕುರಿಯದ್ದೇ ಏಕೆ? ಕೋಳಿ ಲಿವರ್‌ನಲ್ಲಿ ಎ ವಿಟಮಿನ್ ಬೇಕಾದಷ್ಟಿದೆ, ತಾಮ್ರ ಮಾತ್ರ 100 ಗ್ರಾಂಗೆ ಅರ್ಧ ಮಿಲಿಗ್ರಾಂನಷ್ಟು. ಕುರಿಯದರಲ್ಲಿ ಅದರ ಹತ್ತು ಪಟ್ಟಿಗೂ ಮೇಲೆ. ದಿನಕ್ಕೆ 25 ಗ್ರಾಂ ಕುರಿ ಲಿವರ್ ಹೋದರೆ ಈ ಗಾತ್ರದ ನಾಯಿಯ ತಾಮ್ರದ ಅಗತ್ಯ ಅಲ್ಲಿಗೆ ಮುಗಿಯಿತು. ‘ಒಳ್ಳೆಯದಲ್ವಾ’ ಅಂತ ಹೆಚ್ಚು ಹಾಕಬೇಡಿ, ಎ ವಿಟಮಿನ್ ದೇಹದಲ್ಲಿ ಕೂಡಿಕೊಳ್ಳುತ್ತದೆ. ಲಿವರ್‌ನಲ್ಲಿ ತಾಮ್ರ ಶೇಖರವಾಗುವ ಕಾಯಿಲೆ ಲ್ಯಾಬ್ರಡಾರ್‌ಗಳಲ್ಲಿ ಕಂಡುಬರುತ್ತದೆ, ಆ ತಳಿಯ ನಾಯಿ ಸಾಕಿದವರು ವೈದ್ಯರನ್ನು ಕೇಳಿಯೇ ಹಾಕಲಿ.

ಇಷ್ಟೆಲ್ಲ ಮಾಡಿದರೂ ತಟ್ಟೆ ಪೂರ್ತಿಯಲ್ಲ, 80:10:10 ಹೇಳುವವರು ಮುಚ್ಚಿಡುವ ಭಾಗ ಇದು. ಸತು, ಮ್ಯಾಂಗನೀಸ್, ಅಯೋಡಿನ್, ಇ ವಿಟಮಿನ್, ಡಿ ವಿಟಮಿನ್, ಒಮೆಗಾ-3 ಕಡಿಮೆ ಬೀಳುತ್ತವೆ. 1000 ಕ್ಯಾಲರಿ ಊಟದಲ್ಲಿ ಕನಿಷ್ಠ 15 ಮಿಲಿಗ್ರಾಂ ಸತು ಬೇಕು. ಕೋಳಿ ಕಾಲಿನ ಮಾಂಸ ಅರ್ಧ ಕೆಜಿ ತಿಂದರೂ ಹತ್ತು ಮಿಲಿಗ್ರಾಂ ಮುಟ್ಟುವುದು ಕಷ್ಟ. ಮಟನ್ ಸೇರಿಸುವುದು ಇದಕ್ಕೇ. ಕೊರತೆ ತಿಂಗಳೊಳಗೆ ಕಾಣುವುದಿಲ್ಲ. ಪಾದದ ಮೆತ್ತೆ ಬಿರಿಯುವುದು, ಬಾಯಿ ಮತ್ತು ಕಣ್ಣಿನ ಸುತ್ತ ಹಕ್ಕಳೆ ಕಟ್ಟುವುದು ನಿಧಾನವಾಗಿ ಬರುವ ಲಕ್ಷಣ. ಸತುವಿನ ಮಾತ್ರೆಯ ಪ್ರಮಾಣ ವೈದ್ಯರೇ ಬರೆದುಕೊಡಲಿ, ಅಂದಾಜಿನ ಮೇಲೆ ಬೇಡ.

ಅಯೋಡಿನ್‌ಗೆ ‘ಅಯೋಡೈಸ್ಡ್ ಉಪ್ಪು ಚಿಟಿಕೆ ಹಾಕಿ’ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಲೆಕ್ಕ ಹಾಕಿ ನೋಡಿ: ಬೇಕಾದದ್ದು 1000 ಕ್ಯಾಲರಿಗೆ 220 ಮೈಕ್ರೋಗ್ರಾಂ. ಗ್ರಾಹಕರ ಕೈಗೆ ಬರುವ ಉಪ್ಪಿನಲ್ಲಿ ಗ್ರಾಂಗೆ 15 ಮೈಕ್ರೋಗ್ರಾಂ ಇದ್ದರೆ 14 ಗ್ರಾಂಗೂ ಹೆಚ್ಚು ಉಪ್ಪು ಹಾಕಬೇಕು. ಚಿಟಿಕೆಯಿಂದ ಆಗುವ ಕೆಲಸವಲ್ಲ. ಅಯೋಡಿನ್ ಪ್ರಮಾಣ ನಮೂದಿಸಿರುವ ಕೆಲ್ಪ್ (ಕಡಲಕಳೆ) ಪುಡಿಯೇ ದಾರಿ, ಅದೂ ಅಳೆದು.

ಮ್ಯಾಂಗನೀಸ್‌ಗೆ ವಿದೇಶದವರು ನೀಲಿ ಚಿಪ್ಪಿನ ಮಸಲ್ಸ್ ಹೇಳುತ್ತಾರೆ. ಕರಾವಳಿಯವರಿಗೆ ಅದೇ ಬಗೆಯ ಪಚ್ಚಿಲೆ ಸಿಗುತ್ತದೆ, ಬೇಯಿಸಿ ಚಿಪ್ಪು ತೆಗೆದು ಹಾಕಬಹುದು. ಒಳನಾಡಿನವರು ಅಷ್ಟು ದೂರ ಹುಡುಕಬೇಕಿಲ್ಲ, ರಾಗಿ ಇದೆ. 40 ಗ್ರಾಂ ರಾಗಿ ಹಿಟ್ಟಿನ ಗಂಜಿಯಲ್ಲಿ ಒಂದು ದಿನದ ಮ್ಯಾಂಗನೀಸ್ ಹೆಚ್ಚುಕಡಿಮೆ ಬಂದುಬಿಡುತ್ತದೆ. ‘ನಾಯಿ ತೋಳದ ಸಂತತಿ, ಧಾನ್ಯ ಜೀರ್ಣವಾಗಲ್ಲ’ ಅನ್ನುವವರಿಗೆ: ಪಿಷ್ಟ ಜೀರ್ಣಿಸುವ ಕಿಣ್ವದ ಎಎಂವೈ2ಬಿ ಜೀನಿನ ಪ್ರತಿಗಳು ನಾಯಿಯಲ್ಲಿ ತೋಳಕ್ಕಿಂತ ಹಲವು ಪಟ್ಟು ಹೆಚ್ಚಿವೆ ಎಂದು 2013ರಲ್ಲೇ ಸ್ವೀಡನ್ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಹಳ್ಳಿ ನಾಯಿಗಳಂತೂ ತಲೆತಲಾಂತರದಿಂದ ಮುದ್ದೆ ತಿಂದೇ ಬೆಳೆದವು. ಒಂದೇ ಎಚ್ಚರಿಕೆ, ರಾಗಿಯಲ್ಲಿರುವ ಫೈಟೇಟ್ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸತುವಿನ ಮಾತ್ರೆಯನ್ನು ಗಂಜಿ ಇಲ್ಲದ ಹೊತ್ತಿನ ಊಟದಲ್ಲಿ ಕೊಡಿ.

ಒಮೆಗಾ-3ಗೆ ಬೂತಾಯಿ ಮೀನು (ಸಾರ್ಡೀನ್) ವಾರಕ್ಕೆ ಎರಡು ಸಲ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ವಿಟಮಿನ್ ಹಾಳುಮಾಡುವ ಕಿಣ್ವ ಇರುವುದರಿಂದ ಮೀನನ್ನು ಬೇಯಿಸಿಯೇ ಹಾಕುವುದು. ಮೀನೆಣ್ಣೆ ಕೊಟ್ಟರೆ ಇ ವಿಟಮಿನ್ ಅಗತ್ಯ ಇನ್ನೂ ಹೆಚ್ಚುತ್ತದೆ, ಅದು ನೆನಪಿರಲಿ.

ಮೂಳೆಯ ವಿಷಯ. ಹಸಿ ಮೂಳೆ ಮಾತ್ರ. ಸಾರಿನಲ್ಲಿ ಬೆಂದದ್ದು ಚೂಪಾಗಿ ಸೀಳುತ್ತದೆ, ಬೇಡವೇ ಬೇಡ. ಮಟನ್ ನಲ್ಲಿ ಮೂಳೆಯನ್ನು ಪ್ರೀತಿಯಿಂದ ಕೊಡುವವರಿದ್ದಾರೆ, ಅದನ್ನು ಕಡಿಯಲು ಹೋಗಿ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವುದು ಮಾಮೂಲಿ. ಗಬಗಬ ನುಂಗುವ ನಾಯಿಗೆ ಇಡೀ ಕತ್ತು ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅದಕ್ಕೆ ಮೂಳೆ ಸಮೇತ ಖೀಮಾ ಮಾಡಿಸುವುದು ಕ್ಷೇಮ. ಅಂಗಡಿಯ ದೊಡ್ಡ ಯಂತ್ರದಲ್ಲೇ ಮಾಡಿಸಿ, ಮನೆಯ ಮಿಕ್ಸಿಗೆ ಆ ಶಿಕ್ಷೆ ಬೇಡ. ಮಲ ನೋಡಿದರೆ ಪಾಲು ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ: ಬಿಳಿಚಿ ಸುಣ್ಣದಂತೆ ಪುಡಿಯಾಗುತ್ತ, ನಾಯಿ ತಿಣುಕುತ್ತಿದ್ದರೆ ಮೂಳೆ ಹೆಚ್ಚು. ಕಪ್ಪಾಗಿ ಸಡಿಲವಾಗಿದ್ದರೆ ಒಳಾಂಗ ಹೆಚ್ಚು. ಲೋಳೆ ಇದ್ದರೆ ಬದಲಾವಣೆ ಅವಸರವಾಯಿತು, ಇಲ್ಲವೇ ಕೊಬ್ಬು ಜಾಸ್ತಿಯಾಯಿತು. ಕಪ್ಪು ಡಾಂಬರಿನಂತಾಗಿ ನಾಯಿ ಮಂಕಾಗಿದ್ದರೆ ಪಾಲಿನ ಲೆಕ್ಕ ಬಿಟ್ಟು ನೇರ ಆಸ್ಪತ್ರೆಗೆ.

ಮರಿಗಳಿಗೆ ಮನೆಯಲ್ಲಿ ಮಾಡಿದ ಹಸಿ ಊಟವನ್ನು ನಾವು ಶಿಫಾರಸು ಮಾಡುವುದಿಲ್ಲ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ಆ ಊಟದಲ್ಲಿ ಬೆಳೆಯುವ ಮರಿ ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ, ಸೋಫಾದಿಂದ ಹಾರಿದರೆ ಕಾಲು ಮುರಿಯುತ್ತದೆ. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಕೀಲು ಕೆಡುತ್ತದೆ.

ಇನ್ನು ಶುಚಿ. ಫ್ರೀಜರ್‌ನಲ್ಲಿಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ. ನಾಯಿ ಆರೋಗ್ಯವಾಗಿದ್ದುಕೊಂಡೇ ಮಲದಲ್ಲಿ ಅದನ್ನು ಹೊರಹಾಕುತ್ತಿರಬಹುದು. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸದ ವಿರುದ್ಧ ನಿಲುವು ತಳೆದದ್ದು ಈ ಕಾರಣಕ್ಕೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ, ವಯಸ್ಸಾದವರು, ಕೀಮೋ ಪಡೆಯುತ್ತಿರುವವರು ಇದ್ದರೆ ಹಸಿ ಬೇಡ, ಚೌಕಾಸಿ ಇಲ್ಲ. ಉಳಿದವರು ಕೋಳಿಯನ್ನು ಸಿಂಕಿನಲ್ಲಿ ತೊಳೆಯಬಾರದು, ನೀರು ಸಿಡಿದ ಕಡೆಯೆಲ್ಲ ರೋಗಾಣು. ಒಂದು ಹೊತ್ತಿನ ಪ್ರಮಾಣದ ಡಬ್ಬಿಗಳಲ್ಲಿ ಫ್ರೀಜ್ ಮಾಡಿ, ಹಿಂದಿನ ರಾತ್ರಿ ಫ್ರಿಜ್ಜಿನ ಕೆಳ ಅರೆಗೆ ಇಳಿಸಿ, ಸ್ಟೀಲ್ ಬಟ್ಟಲಲ್ಲಿ ಹಾಕಿ, 20 ನಿಮಿಷದಲ್ಲಿ ಉಳಿದದ್ದನ್ನು ತೆಗೆದುಬಿಡಿ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ: ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ.

ಕುರಿ, ಮೇಕೆಯ ಲಿವರ್ ಮತ್ತು ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ ಅದು ಹೈಡ್ಯಾಟಿಡ್, ಅಂದರೆ ಲಾಡಿಹುಳುವಿನ ಮರಿಗಳಿರುವ ಗುಳ್ಳೆ, ಇರಬಹುದು. ನಾಯಿ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಮಲದ ಮೂಲಕ ಅದರ ಮೊಟ್ಟೆ ಮನುಷ್ಯರಿಗೆ ತಗಲುತ್ತದೆ, ಮನುಷ್ಯರ ಲಿವರ್‌ನಲ್ಲೂ ಅದೇ ಗುಳ್ಳೆ. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ಹೀಗಾಗಿ ಮಟನ್ ಅಂಗಡಿಯ ಒಳಾಂಗವನ್ನು ನಾವು ಬೇಯಿಸಿಯೇ ಹಾಕುತ್ತೇವೆ, ‘ಶುದ್ಧ ರಾ’ದವರು ಬೈದುಕೊಳ್ಳಲಿ. ಹಸಿಯಾಗಿಯೇ ಕೊಡುವವರಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳದ ಮಾತ್ರೆ ಬೇಕಾಗುತ್ತದೆ.

ಮನೆಗೆ ತಲುಪಿಸುವ ಫ್ರೋಜನ್ ಪ್ಯಾಕ್‌ಗಳನ್ನೂ ಬಳಸಿದ್ದಾಯಿತು. ಅನುಕೂಲವೇನೋ ಹೌದು. ಆದರೆ ಒಂದು ಕಂಪನಿಯ ಪ್ಯಾಕಿನ ಮೇಲೆ ‘ಸಂಪೂರ್ಣ ಆಹಾರ’ ಎಂದಿತ್ತು, ಪದಾರ್ಥಗಳ ಪಟ್ಟಿಯಲ್ಲಿ ಕೋಳಿ, ಕ್ಯಾರೆಟ್, ಸಿಹಿಗುಂಬಳ, ಅರಿಶಿನ ಬಿಟ್ಟರೆ ಏನಿಲ್ಲ. ಸತು ಎಲ್ಲಿ, ಅಯೋಡಿನ್ ಎಲ್ಲಿ ಎಂದು ಕೇಳಿದ್ದಕ್ಕೆ ‘ಎಲ್ಲಾ ನ್ಯಾಚುರಲ್ ಸರ್’ ಎಂಬ ಉತ್ತರ ಬಂತು. ಕೊಳ್ಳುವ ಮುಂಚೆ ಮೂಳೆಯ ಶೇಕಡಾವಾರು, 100 ಗ್ರಾಂಗೆ ಕ್ಯಾಲರಿ, ಕ್ಯಾಲ್ಸಿಯಂ ಪ್ರಮಾಣ ಕೇಳಿ, ಹೇಳಲಾಗದವರಿಂದ ಬೇಡ. ಪ್ಯಾಕಿನ ಒಂದು ಮೂಲೆಯಲ್ಲಿ ಗುಲಾಬಿ ಬಣ್ಣದ ಮಂಜು ಗಡ್ಡೆಕಟ್ಟಿದ್ದರೆ ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ವಾಪಸ್ ಕಳಿಸಿ.

ಲಾಭವೇನು ಕಂಡಿತು? ಮಲ ಕಡಿಮೆ ಮತ್ತು ಗಟ್ಟಿ, ಊಟದ ಉತ್ಸಾಹ, ಕೂದಲಿನ ಹೊಳಪು (ಅದು ಕೊಬ್ಬು ಮತ್ತು ಮೀನಿನ ಪುಣ್ಯ, ಹಸಿಯದ್ದಲ್ಲ). ತುರಿಕೆಗೆ ಏನೂ ವ್ಯತ್ಯಾಸವಿಲ್ಲ. ಕೋಳಿಯ ಅಲರ್ಜಿ ಇರುವ ನಾಯಿಗೆ ಹಸಿ ಕೋಳಿಯೂ ಕೋಳಿಯೇ. ಉಣ್ಣಿ ಜ್ವರಕ್ಕೆ ‘ಇಮ್ಯೂನಿಟಿ’ ಬರುತ್ತದೆ ಎಂಬುದು ಮಾರುವವರ ಮಾತು, ಉಣ್ಣಿಯ ಮಾತ್ರೆ ನಿಲ್ಲಿಸಬೇಡಿ. ರಕ್ತಪರೀಕ್ಷೆಗೆ ಹೋದಾಗ ಹಸಿ ಮಾಂಸದ ಊಟ ಎಂದು ವೈದ್ಯರಿಗೆ ಮೊದಲೇ ಹೇಳಿ, ಯೂರಿಯಾ ಮಟ್ಟ ತುಸು ಮೇಲಿರುವುದುಂಟು. ಐದಕ್ಕೆ ಮೂರು ಅಂಕ ಕೊಡಬಹುದು. ಸರಿಯಾಗಿ ತೂಗಿ ಬೇಯಿಸಿದ ಊಟಕ್ಕೆ ನಾಲ್ಕು ಕೊಡುತ್ತೇವೆ.

ಊರಿಗೆ ಹೋಗುವವರಿಗೆ ಒಂದು ಮಾತು: ನಾಯಿಯನ್ನು ಬಿಟ್ಟುಹೋಗುವ ಹೆಚ್ಚಿನ ಬೋರ್ಡಿಂಗ್‌ಗಳಲ್ಲಿ ಹಸಿ ಮಾಂಸ ಹಾಕುವುದಿಲ್ಲ. ಹೊರಡುವ ಹತ್ತು ದಿನ ಮುಂಚೆಯೇ ಬೇಯಿಸಿದ್ದಕ್ಕೆ ಸ್ವಲ್ಪಸ್ವಲ್ಪವಾಗಿ ಬದಲಿಸಿ. ಆಗ ಕತ್ತು ತೆಗೆದು ಅದರ ಜಾಗಕ್ಕೆ ಮೂಳೆರಹಿತ ಮಾಂಸ ಹಾಕಿ, ದಿನಕ್ಕೆ ಅರ್ಧದಿಂದ ಮುಕ್ಕಾಲು ಟೀ ಚಮಚ ನುಣ್ಣನೆಯ ಮೊಟ್ಟೆಚಿಪ್ಪಿನ ಪುಡಿ ಸೇರಿಸಬೇಕು. ಅರ್ಧ ಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ ದಿನಾಂಕ ಬರೆದು ಕೊಟ್ಟರೆ ಅವರೂ ಮರೆಯದೆ ಹಾಕುತ್ತಾರೆ.